ಮಂಗಳೂರಿನ ಕಪಾಟಿಗೆ ಕೊಂಡ ಸಾಮಾನು: ಯಾವುದು ಕೆಲಸಕ್ಕೆ ಬಂತು, ಯಾವುದು ದಂಡ

ನಮ್ಮ ಮಲಗುವ ಕೋಣೆಯ ಕಪಾಟು 4 ಅಡಿ ಅಗಲ, 7 ಅಡಿ ಎತ್ತರ, 2 ಅಡಿ ಆಳ. ಪ್ಲೈವುಡ್ಡಿನದು, ಎರಡು ಬಾಗಿಲು, ಮೇಲೆ ಸೀಲಿಂಗಿನ ತನಕ ಲಾಫ್ಟ್. ನಮ್ಮಿಬ್ಬರ ಬಟ್ಟೆ, ಮಗಳ ಅರ್ಧ ಬಟ್ಟೆ, ಅತ್ತೆ ಊರಿನಿಂದ ಬಂದಾಗಲೆಲ್ಲ ತಂದು ಬಿಟ್ಟುಹೋಗುವ ಹೊದಿಕೆಗಳು, ಎಲ್ಲಾ ಇದರಲ್ಲೇ. ಇನ್ನೊಂದು ಕಪಾಟು ಮಾಡಿಸೋಣ ಅಂದರೆ ಕೋಣೆಯಲ್ಲಿ ಗೋಡೆಯೇ ಉಳಿದಿಲ್ಲ. ಹಾಗಾಗಿ ಇದ್ದುದರಲ್ಲೇ ಜಾಗ ಮಾಡಿಕೊಡುತ್ತೇವೆ ಅಂತ ಮಾರುವ ಸಾಮಾನುಗಳನ್ನು ಒಂದೊಂದಾಗಿ ತರಿಸಿದೆ. ಕೆಲವು ಆನ್‌ಲೈನಿನಲ್ಲಿ, ಕೆಲವು ಹಂಪನಕಟ್ಟೆಯ ಅಂಗಡಿಗಳಲ್ಲಿ. ಕಂಪನಿ ಹೆಸರು ಬರೆಯುವುದಿಲ್ಲ, ಒಂದೇ ಮಾಲು ಹತ್ತು ಹೆಸರಿನಲ್ಲಿ ಸಿಗುತ್ತದೆ. ಬರೆಯಲು ಒಂದು ಪೂರ್ತಿ ಮಳೆಗಾಲ ಕಾದೆ. ಜೂನ್‌ನಿಂದ ಸೆಪ್ಟೆಂಬರ್ ದಾಟದೆ ಈ ಊರಿನಲ್ಲಿ ಕಪಾಟಿನ ಬಗ್ಗೆ ಏನು ಹೇಳಿದರೂ ಅದು ಅರ್ಧ ಮಾತು.

ಮೊದಲು ಜಾಗ ಎಲ್ಲಿ ಹಾಳಾಗುತ್ತಿತ್ತು ಅನ್ನುವುದು. ನಮ್ಮ ಖಾನೆಗಳ ಎತ್ತರ 18 ಇಂಚು. ಮಡಚಿದ ಸೀರೆ, ಚೂಡಿದಾರ 10 ಇಂಚು ಏರುವ ಹೊತ್ತಿಗೆ ರಾಶಿ ವಾಲುತ್ತದೆ. ಅಡಿಯದನ್ನು ಎಳೆದರೆ ಮೇಲಿನದ್ದೆಲ್ಲ ಕೆಳಗೆ. ಅಂದರೆ ಪ್ರತಿ ಖಾನೆಯಲ್ಲೂ ಮೇಲಿನ 8 ಇಂಚು ಬರೀ ಗಾಳಿ. ಡಬ್ಬಿ, ಚೀಲ ಏನೇ ತಂದರೂ ಈ ಗಾಳಿಗೆ ಪರಿಹಾರ ಸಿಗದಿದ್ದರೆ ಜಾಗ ಹೆಚ್ಚುವುದಿಲ್ಲ.

ಇದಕ್ಕೆ ಅಂತ ಮೊದಲು ತರಿಸಿದ್ದು ಸ್ಪ್ರಿಂಗ್ ಇರುವ, ಎಳೆದು ಉದ್ದ ಮಾಡಿ ಎರಡೂ ಬದಿಗೆ ಒತ್ತಿ ನಿಲ್ಲಿಸುವ ಹಲಗೆ. ಸ್ಕ್ರೂ ಬೇಡ, ಡ್ರಿಲ್ ಬೇಡ, 20 ಕಿಲೋ ತಡೆಯುತ್ತದೆ ಅಂತ ಪೆಟ್ಟಿಗೆ ಮೇಲೆ ಬರೆದಿತ್ತು. ಒಳಗಡೆ ನುಣುಪು ಲ್ಯಾಮಿನೇಟ್ ಇರುವ ಕಪಾಟಿಗೆ ಇದು ಆಗುವ ವಸ್ತುವೇ ಅಲ್ಲ. ಜೀನ್ಸ್ ಇಟ್ಟ ಮರುದಿನ ಒಂದು ಬದಿ ಜಾರಿ ಕುಳಿತಿತ್ತು. ಈಗ ಅದು ಸ್ನಾನದ ಮನೆಯಲ್ಲಿ, ಒರಟು ಟೈಲ್ಸ್ ಮಧ್ಯೆ, ಶಾಂಪೂ ಬಾಟಲಿ ಹೊತ್ತು ಆರಾಮಾಗಿದೆ.

ಎರಡನೆಯದು ಕಬ್ಬಿಣದ ಸರಳಿನ ಸ್ಟ್ಯಾಂಡ್. ಅಡುಗೆಮನೆಯಲ್ಲಿ ತಟ್ಟೆ-ಲೋಟ ಎರಡು ಅಂತಸ್ತಿನಲ್ಲಿ ಇಡಲು ಕೊಳ್ಳುತ್ತೇವಲ್ಲ, ಅದೇ. ಖಾನೆಯೊಳಗೆ ಇಟ್ಟರೆ ಅಡಿಯಲ್ಲಿ ಒಂದು ರಾಶಿ, ಮೇಲೆ ಒಂದು ರಾಶಿ. ಉಪಯೋಗ ಖಂಡಿತ ಇದೆ. ಆದರೆ ಪೇಂಟ್ ಎದ್ದ ಕಡೆ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ, ತುಕ್ಕಿನ ಕಲೆ ಬಿಳಿ ಅಂಗಿಗೆ ಅಂಟಿದರೆ ಹೋಗುವುದು ಬಲು ಕಷ್ಟ. ಸ್ಟೀಲಿನದು ಸಿಕ್ಕರೆ ಅದನ್ನೇ ಕೊಳ್ಳಿ. ಇಲ್ಲದಿದ್ದರೆ ಮೇಲೆ ಹಳೇ ಬೆಡ್‌ಶೀಟಿನ ತುಂಡು ಹಾಸಿ.

ನಿಜವಾದ ಲಾಭ ಆದದ್ದು ಆಚಾರಿಯಿಂದ, ಅಂದರೆ ಬಡಗಿಯಿಂದ. ಪರಿಚಯದ ಆಚಾರಿಯನ್ನು ಕರೆದು ಎರಡು ಖಾನೆಗಳ ಒಳಗೆ, ಅರ್ಧ ಎತ್ತರದಲ್ಲಿ, ಒಂದೊಂದು ಹಲಗೆ ಹೆಚ್ಚಿಗೆ ಹಾಕಿಸಿದೆ. ಬದಿಯಲ್ಲಿ ಸಾಲಾಗಿ ತೂತು ಕೊರೆದು ಪಿನ್ ಮೇಲೆ ಕೂರಿಸಿದ್ದಾರೆ. ಬೇಕಾದರೆ ಹಲಗೆ ಮೇಲೆ-ಕೆಳಗೆ ಮಾಡಬಹುದು. ಹಲಗೆಯ ಆಳ 20 ಇಂಚು ಸಾಕು, ಹಿಂದೆ ಸಂದು ಬಿಡಿ ಅಂದೆ. "ಅಕ್ಕ, ಜಾಗ ಸಾಲದು ಅಂತ ಕರೆದು ಜಾಗ ಬಿಡಲು ಹೇಳ್ತೀರಲ್ಲ" ಅಂತ ನಕ್ಕರು. ಕಾರಣ ಇದೆ. ನಮ್ಮ ಕಪಾಟಿನ ಹಿಂದಿನ ಗೋಡೆ ಹೊರಗೋಡೆ. ಮಳೆ ಹೊಡೆದಾಗ ತಣ್ಣಗಾಗಿ ಒಳಗೆ ತೇವ ಕೂರುತ್ತದೆ. ಬಟ್ಟೆಯನ್ನು ಹಿಂಬದಿಗೆ ಒತ್ತಿ ತುಂಬಿದರೆ ಬೂಸ್ಟು ಗ್ಯಾರಂಟಿ. ಒಂದೂವರೆ ಇಂಚಾದರೂ ಗಾಳಿ ಆಡಿದರೆ ಎಷ್ಟೋ ವಾಸಿ. ಮೇಲಿನ ಗಾಳಿ ದಂಡ, ಹಿಂದಿನ ಗಾಳಿ ಬೇಕೇ ಬೇಕು. ಈ ವ್ಯತ್ಯಾಸವನ್ನು ಸಾಮಾನು ಮಾರುವ ಯಾವ ವಿಡಿಯೋದಲ್ಲೂ ನಾನು ನೋಡಲಿಲ್ಲ. ಹಲಗೆ, ಕೂಲಿ ಸೇರಿ 1,800 ರೂಪಾಯಿ ಆಯಿತು. ನನ್ನ ಪಟ್ಟಿಯಲ್ಲಿ ಇದಕ್ಕೇ ಮೊದಲ ಸ್ಥಾನ.

ಇನ್ನು ಎಲ್ಲರೂ ಕೇಳುವ ವ್ಯಾಕ್ಯೂಮ್ ಚೀಲ. ಐದರ ಕಟ್ಟು, ಕೈಪಂಪ್ ಸಮೇತ 700 ರೂಪಾಯಿ ಆಸುಪಾಸು. ಹೊದಿಕೆ ತುಂಬಿಸಿ, ಜಿಪ್ ಹಾಕಿ, ವಾಲ್ವ್‌ನಿಂದ ಗಾಳಿ ಎಳೆದರೆ ಉಬ್ಬಿದ ರಜಾಯಿ ಹಪ್ಪಳದ ಹಾಗೆ ಚಪ್ಪಟೆಯಾಗುತ್ತದೆ. ನೋಡಲು ಖುಷಿಯೇ. ಲಾಫ್ಟಿನಲ್ಲಿ ಹೆಚ್ಚುಕಡಿಮೆ ಅರ್ಧ ಜಾಗ ಖಾಲಿಯಾಯಿತು, ಸುಳ್ಳಲ್ಲ. ಕೈಪಂಪಿನಲ್ಲಿ ತೋಳು ನೋಯುತ್ತದೆ. ಮನೆಯಲ್ಲಿ ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಅದರ ಪೈಪು ಹಿಡಿಯಿರಿ, ನಿಮಿಷದ ಕೆಲಸ.

ಆದರೆ ಕೊಳ್ಳುವ ಮೊದಲು ಕೆಲವು ಗೊತ್ತಿರಲಿ. ಜಾಗ ಕಮ್ಮಿಯಾಗುತ್ತದೆ, ತೂಕ ಕಮ್ಮಿಯಾಗುವುದಿಲ್ಲ. ಅದೇ ಜಾಗದಲ್ಲಿ ಎರಡು ಪಟ್ಟು ಹೊದಿಕೆ ತುಂಬಿದರೆ ಲಾಫ್ಟಿನ ಹಲಗೆಗೂ ಎರಡು ಪಟ್ಟು ಭಾರ, ಇಳಿಸುವವರ ಸೊಂಟಕ್ಕೂ ಅಷ್ಟೇ. ಗಾಳಿ ತೆಗೆದ ಚೀಲ ಅಂಕುಡೊಂಕಾಗಿ ಗಟ್ಟಿಯಾಗುತ್ತದೆ, ಒಂದರ ಮೇಲೊಂದು ನಿಲ್ಲುವುದಿಲ್ಲ. ಹಾಗಾಗಿ ಹಳೇ ಸೂಟ್‌ಕೇಸಿನಲ್ಲಿ ನಿಲ್ಲಿಸಿಟ್ಟಿದ್ದೇನೆ. ಐದರಲ್ಲಿ ಒಂದು ಚೀಲ ತಿಂಗಳೊಳಗೆ ಮತ್ತೆ ಉಬ್ಬಿತು, ಜಿಪ್ಪಿನ ಮೂಲೆಯಲ್ಲಿ ಸಂದಿತ್ತು. ಎಲ್ಲಕ್ಕಿಂತ ಮುಖ್ಯ, ಒಳಗೆ ಹೋಗುವ ಬಟ್ಟೆ ಪೂರ್ತಿ ಒಣಗಿರಬೇಕು. ಮೇ ತಿಂಗಳ ಬಿಸಿಲಿಗೆ ಹಾಕಿ, ಬಿಸಿ ಆರಿದ ಮೇಲೆ ಕಟ್ಟಿ. ಜುಲೈಯಲ್ಲಿ ಕಟ್ಟಿದರೆ ಬಟ್ಟೆಯ ಜೊತೆ ತೇವವನ್ನೂ ಒಳಗೆ ಕೂಡಿಹಾಕಿದ ಹಾಗೆ. ಉಣ್ಣೆ, ರೇಷ್ಮೆ, ಚರ್ಮದ ವಸ್ತುಗಳನ್ನು ಇದರಲ್ಲಿ ಹಾಕಲೇಬೇಡಿ.

ರೇಷ್ಮೆಯ ಮಾತು ಬಂತಲ್ಲ. ಪ್ಲಾಸ್ಟಿಕ್ ಕಿಟಕಿ ಇರುವ ಸೀರೆ ಕವರ್ ಡಜನ್ ಲೆಕ್ಕದಲ್ಲಿ ಮಾರುತ್ತಾರೆ. ವಾರಕ್ಕೆ ಉಡುವ ಸಿಂಥೆಟಿಕ್ ಸೀರೆಗೆ ಪರವಾಗಿಲ್ಲ. ಜರಿ ಸೀರೆಗೆ ಮಾತ್ರ ಅತ್ತೆಯ ಪದ್ಧತಿಯೇ ಸರಿ: ಒಗೆದ ಹಳೇ ಪಂಚೆಯಲ್ಲಿ ಸುತ್ತಿಡುವುದು, ಆಗಾಗ ತೆಗೆದು ಮಡಿಕೆ ಬದಲಿಸುವುದು. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಬಿಟ್ಟರೆ ಅಲ್ಲೇ ಸೀಳುತ್ತದೆ. ನುಸಿಗುಳಿಗೆಯನ್ನು ಜರಿಗೆ ತಾಗಿಸಬಾರದು, ಕಪ್ಪಾಗುತ್ತದೆ. ಗಂಜಿ ಹಾಕಿದ ಹತ್ತಿ ಸೀರೆಗಳನ್ನು ಮಳೆಗಾಲಕ್ಕೆ ಮುಂಚೆ ಗಂಜಿ ತೆಗೆದು ಒಗೆದಿಡುವುದು ಒಳ್ಳೆಯದು. ಆ ಗಂಜಿಗೇ ಬೆಳ್ಳಿ ಬಣ್ಣದ ಹುಳ ಬರುತ್ತದೆ.

ಕಪಾಟಿನ ರಾಡಿಗೆ ನೇತು ಹಾಕುವ, ಬಟ್ಟೆಯಲ್ಲೇ ಹೊಲಿದ ಆರು ಖಾನೆಗಳ ಸಾಲು ತಂದೆ. ದಂಡ. ಒಳಗೆ ರಟ್ಟು ಇದೆ, ಆಗಸ್ಟ್ ಹೊತ್ತಿಗೆ ತೇವ ಕುಡಿದು ಬಾಗಿತು, ಮುಗ್ಗಲು ವಾಸನೆ ಬೇರೆ. ಅದಕ್ಕೆ ರಾಡಿನಲ್ಲಿ ಒಂದು ಅಡಿ ಕೊಟ್ಟಿದ್ದೆ. ಅದೇ ಒಂದು ಅಡಿಯಲ್ಲಿ ತೆಳು ವೆಲ್ವೆಟ್ ಹ್ಯಾಂಗರ್ ಹಾಕಿದರೆ ಇಪ್ಪತ್ತು ಅಂಗಿ ಹಿಡಿಯುತ್ತದೆ. ಹ್ಯಾಂಗರ್ ಚೆನ್ನಾಗಿವೆ. ಒದ್ದೆ ಅಂಗಿ ಮಾತ್ರ ಹಾಕಬೇಡಿ, ಕಪ್ಪು ಬಣ್ಣ ಬಿಡುತ್ತದೆ.

ಮುಚ್ಚಳವಿಲ್ಲದ ಬಟ್ಟೆ ಡಬ್ಬಿಗಳು ಟೀ ಶರ್ಟಿಗೆ, ಮಗಳ ಲೆಗ್ಗಿಂಗ್ಸಿಗೆ ಚೆನ್ನಾಗಿ ಆಗುತ್ತವೆ. ಮಡಚಿ ಸಾಲಾಗಿ ನಿಲ್ಲಿಸಿದರೆ ಯಾವುದು ಎಲ್ಲಿದೆ ಕಾಣುತ್ತದೆ. ಅಳತೆ ತೆಗೆಯುವಾಗ ಖಾನೆಯ ಒಳಗಲ ನೋಡಿದರೆ ಸಾಲದು, ಬಾಗಿಲಿನ ಹಿಂಜ್ ಒಳಗೆ ಎಷ್ಟು ಚಾಚಿದೆ ಅಂತಲೂ ನೋಡಿ. ನಮ್ಮ ಖಾನೆ 22 ಇಂಚು, ಹಿಂಜ್ ಕಳೆದು ಹೊರಗೆಳೆಯಲು ಸಿಗುವುದು 20. ಇದನ್ನು ಅಳೆಯದೆ ಕೊಂಡ ಡಬ್ಬಿ ಹೊರಗೆ ಬರಲು ಪ್ರತಿ ದಿನ ಜಗಳ ಮಾಡುತ್ತದೆ.

ಕೊನೆಗೆ ತೇವ ಹೀರುವ ಡಬ್ಬಿ. ಒಳಗಿನ ಬಿಳಿ ಹರಳು ಕ್ಯಾಲ್ಸಿಯಂ ಕ್ಲೋರೈಡ್, ತೇವ ಹೀರಿ ಅಡಿಯಲ್ಲಿ ನೀರಾಗುತ್ತದೆ. ಜಾಗ ತಿನ್ನುವ ವಸ್ತುವಿಗೆ ಇಲ್ಲೇನು ಕೆಲಸ ಅಂತ ಯಜಮಾನರು ಕೇಳಿದರು. ಜುಲೈಯಲ್ಲಿ ತುಂಬಿದ ನೀರು ತೋರಿಸಿದ ಮೇಲೆ ಇನ್ನೆರಡು ಅವರೇ ತಂದರು. ಮೂಲೆಯಲ್ಲಿ, ನೆಲದ ಖಾನೆಯಲ್ಲೇ ಇಡಿ. ಚೆಲ್ಲಿದರೆ ಅದು ಉಪ್ಪುನೀರು, ಚಪ್ಪಲಿ-ಬೆಲ್ಟು ಹಾಳಾಗುತ್ತದೆ. ಬೇಸಿಗೆಯಲ್ಲಿ ಬೇಡವೇ ಬೇಡ.

ಬಾಡಿಗೆ ಮನೆಯವರು ಆಚಾರಿಯನ್ನು ಕರೆಯುವ ಮೊದಲು ಓನರನ್ನು ಕೇಳಿ. ಒಪ್ಪದಿದ್ದರೆ ಸ್ಟೀಲ್ ಸ್ಟ್ಯಾಂಡ್ ಸಾಕು, ಮನೆ ಬಿಡುವಾಗ ಜೊತೆಗೇ ಒಯ್ಯಬಹುದು.