ಪೋ ಕಥೆಗಳಿಗೆ ತೆಳ್ಳನೆಯ ಪುಸ್ತಕವೇ ಸರಿ

ನಡುಕ ಹುಟ್ಟಿಸುವ ಕಥೆಗಳಿಗೆ ಹೆಸರಾದ ಹತ್ತೊಂಬತ್ತನೆಯ ಶತಮಾನದ ಅಮೆರಿಕನ್ ಲೇಖಕ ಎಡ್ಗರ್ ಅಲನ್ ಪೋ ಅವರ ಕಥೆಗಳನ್ನು ಇಂಗ್ಲಿಷಿನಲ್ಲಿ ಓದಬೇಕೆನ್ನುವವರು ಹತ್ತು ಹನ್ನೆರಡು ಕಥೆಗಳ ತೆಳ್ಳನೆಯ ಸಂಕಲನವನ್ನೇ ಕೊಳ್ಳಿ. ನಾನು ಸಮಗ್ರ ಸಂಪುಟ, ಮೊಬೈಲ್, ಆಡಿಯೋ ಎಲ್ಲವನ್ನೂ ನೋಡಿ ಕೊನೆಗೆ ಇದಕ್ಕೆ ಬಂದೆ.

ಸಮಗ್ರ ಸಂಪುಟವನ್ನು ಆನ್‌ಲೈನಿನಲ್ಲಿ 350 ರೂಪಾಯಿಗೆ ತರಿಸಿದ್ದೆ. ಕಥೆ, ಕವಿತೆ ಎಲ್ಲವೂ ಒಂದೇ ಕಡೆ ಇರಲಿ ಎಂಬ ಆಸೆ. ಒಂದು ರಾತ್ರಿ 1846ರ ‘ದಿ ಕ್ಯಾಸ್ಕ್ ಆಫ್ ಅಮೊಂಟಿಲ್ಲಾಡೊ’ ಹಿಡಿದು ಕೂತೆ. ಅವಮಾನದ ಸೇಡು ತೀರಿಸಲು ಮಾಂಟ್ರೆಸರ್ ತನ್ನ ಗೆಳೆಯನಿಗೆ ಅಪರೂಪದ ಮದ್ಯದ ಆಸೆ ತೋರಿಸಿ ನೆಲಮಾಳಿಗೆಗೆ ಕರೆದೊಯ್ಯುತ್ತಾನೆ. ನಡುದಾರಿಯಲ್ಲಿ ನಿಲುವಂಗಿಯ ಮಡಿಕೆಯೊಳಗಿಂದ ಗಾರೆಯವರ ಕರಣೆಯೊಂದನ್ನು ತೆಗೆದು ತೋರಿಸುತ್ತಾನೆ. ಗೆಳೆಯ ಅದನ್ನು ತಮಾಷೆ ಎಂದುಕೊಳ್ಳುತ್ತಾನೆ. ಉಸಿರು ಬಿಗಿಹಿಡಿದು ಪುಟ ತಿರುವಿದರೆ, ನಾನು ಎಂದೋ ಓದಿ ಮುಗಿಸಿದ್ದ ಇನ್ನೊಂದು ಕಥೆಯ ನಡುಭಾಗ! ಹೊಲಿಯುವಾಗ ಒಂದು ಫಾರಂ (ಒಟ್ಟಿಗೆ ಮಡಚಿ ಹೊಲಿಯುವ ಪುಟಗಳ ಕಟ್ಟು) ಎರಡು ಸಲ ಸೇರಿ, ಅಲ್ಲಿರಬೇಕಾದ ಫಾರಂ ಬಿಟ್ಟುಹೋಗಿತ್ತು. 16 ಪುಟ ಮಾಯ. ಮಾರಿದವರನ್ನು ಕೇಳಿದರೆ ಬದಲಿಸಿಕೊಡುವ ಗಡುವು ಮುಗಿದಿದೆ ಎಂದರು. ಆ ಹೊಟ್ಟೆಯುರಿ ಇನ್ನೂ ಆರಿಲ್ಲ.

ಉಳಿದ ಭಾಗವನ್ನು ಆಗಲೇ ಮೊಬೈಲಿನಲ್ಲಿ ಹುಡುಕಿ ಓದಿದೆ. ಹಕ್ಕುಸ್ವಾಮ್ಯದ ಅವಧಿ ಮುಗಿದಿರುವುದರಿಂದ ಈ ಕಥೆಗಳು ಉಚಿತವಾಗಿ ಸಿಗುತ್ತವೆ. ಆದರೆ ಕೊನೆಯಲ್ಲಿ ಗೆಜ್ಜೆಯ ಸದ್ದೊಂದು ಕೇಳಿಸುವ ಜಾಗವಿದೆ. ಸರಿಯಾಗಿ ಅಲ್ಲಿಗೇ ಬ್ಯಾಂಕಿನ ಸಂದೇಶ ಬಂದು ಪರದೆಯ ಮೇಲೆ ಕೂತಿತು. 1842ರಲ್ಲಿ ಅಮೆರಿಕದ ಇನ್ನೊಬ್ಬ ಕಥೆಗಾರ ಹಾಥಾರ್ನ್ ಅವರ ಕಥೆಗಳನ್ನು ವಿಮರ್ಶಿಸುತ್ತ ಪೋ ಇದನ್ನೇ ಹೇಳಿದ್ದರು: ಕಥೆಯನ್ನು ಅರ್ಧ ಗಂಟೆಯಿಂದ ಎರಡು ಗಂಟೆಯೊಳಗೆ, ಒಂದೇ ಪಟ್ಟಿಗೆ ಓದಿ ಮುಗಿಸುವಂತಿರಬೇಕು, ನಡುವೆ ಲೋಕದ ವ್ಯವಹಾರ ನುಗ್ಗಿದರೆ ಅದರ ಪರಿಣಾಮ ಕೆಡುತ್ತದೆ.

ಆಡಿಯೋ ‘ದಿ ಟೆಲ್-ಟೇಲ್ ಹಾರ್ಟ್’ಗೆ ಮಾತ್ರ ಚೆನ್ನ. ತನಗೆ ಹುಚ್ಚಿಲ್ಲವೆಂದು ವಾದಿಸುವ ಆ ದನಿಯನ್ನು ಕೇಳಿಯೇ ನಡುಗಬೇಕು. ಪೋ ಅವರ ‘ದಿ ಫಾಲ್ ಆಫ್ ದಿ ಹೌಸ್ ಆಫ್ ಅಷರ್’ ಕಥೆಯ ಉದ್ದುದ್ದ ವಾಕ್ಯಗಳು ಕಿವಿಯಲ್ಲಿ ನಿಲ್ಲುವುದಿಲ್ಲ.

ಮನೆಯವರೆಲ್ಲ ಮಲಗಿದ ಮೇಲೆ ರಾತ್ರಿಗೊಂದು ಕಥೆ, ಅಷ್ಟೇ ನನ್ನ ಓದು. ಪುಸ್ತಕಕ್ಕೆಂದು ತಿಂಗಳಿಗೆ 500 ರೂಪಾಯಿ ತೆಗೆದಿಡುವವಳು ನಾನು. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ 120 ರೂಪಾಯಿಗೆ ಸಿಕ್ಕ ಈ ತೆಳ್ಳನೆಯ ಸಂಕಲನದ ಹಳೆಯ ಪ್ರತಿ ಒಂದೇ ಕೈಯಲ್ಲಿ ನಿಲ್ಲುತ್ತದೆ. ಹಿಂದೆ ಓದಿದವರು ಯಾರೋ ಕಠಿಣ ಪದಗಳ ಪಕ್ಕದಲ್ಲಿ ಪೆನ್ಸಿಲಿನಿಂದ ಕನ್ನಡದ ಅರ್ಥ ಬರೆದಿಟ್ಟಿದ್ದಾರೆ. ದುಡ್ಡು ಕೊಡುವ ಮುಂಚೆ ಅಂಗಡಿಯಲ್ಲೇ ನಿಂತು ಪುಟಸಂಖ್ಯೆಗಳನ್ನು ಮೊದಲಿನಿಂದ ಕೊನೆಯವರೆಗೆ ನೋಡಿಕೊಂಡೆ. ಒಂದೂ ತಪ್ಪಿರಲಿಲ್ಲ.