‘ಪರ್ಮಿಟ್ ಬೇಡ’ ಅಂದ ಕೂಡಲೇ ಆಟೊ ತಗೋಬೇಡಿ

ಸಾಲ ಮಾಡಿ ಬ್ಯಾಟರಿ ಆಟೊ ತೆಗೆಯಬೇಕು ಅಂತಿರುವವರು ಇದನ್ನು ಓದಿ, ಆಮೇಲೆ ಸಹಿ ಹಾಕಿ.

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುತ್ತಿದ್ದೆ. ಕೆಲಸ ಕಮ್ಮಿಯಾದಾಗ ಒಂದು ಶೋರೂಮಿಗೆ ಹೋದೆ. ಅಲ್ಲಿದ್ದ ಹುಡುಗ ಹೇಳಿದ, ‘ಅಣ್ಣಾ, ಇದಕ್ಕೆ ಪರ್ಮಿಟ್ಟೇ ಬೇಡ. ಇವತ್ತು ದುಡ್ಡು ಕಟ್ಟಿ, ಮುಂದಿನ ವಾರ ರೋಡಿಗಿಳಿಸಿ.’ ಅವನು ಸುಳ್ಳೇನೂ ಹೇಳಲಿಲ್ಲ. 2018ರ ಅಕ್ಟೋಬರ್‌ನಲ್ಲೇ ಕೇಂದ್ರ ಸರ್ಕಾರ ಬ್ಯಾಟರಿ ಗಾಡಿಗಳಿಗೆ ಪರ್ಮಿಟ್‌ನಿಂದ, ಅಂದರೆ ಬಾಡಿಗೆಗೆ ಓಡಿಸೋಕೆ ಪಡೆಯಬೇಕಾದ ಸರ್ಕಾರಿ ಅನುಮತಿಯಿಂದ, ವಿನಾಯಿತಿ ಕೊಟ್ಟಿದೆ. ನೋಂದಣಿ, ಇನ್ಶೂರೆನ್ಸ್, ಎಫ್‌ಸಿ (ಗಾಡಿ ಸುಸ್ಥಿತಿಯಲ್ಲಿದೆ ಅನ್ನೋ ಪ್ರಮಾಣಪತ್ರ) ಮಾತ್ರ ಬೇಕೇ ಬೇಕು. ಆದರೆ ನನಗೆ ಬೇಡದ ಪರ್ಮಿಟ್ ಪಕ್ಕದ ಮನೆಯವನಿಗೂ ಬೇಡ ಅನ್ನೋದು ಆಗ ನನ್ನ ತಲೆಗೆ ಹೊಳೆಯಲೇ ಇಲ್ಲ. ಆರು ತಿಂಗಳಲ್ಲಿ ನಮ್ಮ ಓಣಿಯೊಂದರಲ್ಲೇ ನಾಲ್ಕು ಹಸಿರು ಪ್ಲೇಟಿನ ಆಟೊ ಬಂದು ನಿಂತವು.

ಕಂತು ತಿಂಗಳಿಗೆ 8,500 ರೂಪಾಯಿ. ಒಟ್ಟು 48 ಕಂತು. ಮೊದಲೆರಡು ತಿಂಗಳು ದಿನಕ್ಕೆ ಹದಿನೈದು ಬಾಡಿಗೆ ಸಿಗುತ್ತಿತ್ತು. ಈಗ ಏಳು ಸಿಕ್ಕರೆ ಪುಣ್ಯ. ರೈಲ್ವೆ ಸ್ಟೇಷನ್ ಹತ್ತಿರ ಸರದಿ ಬರೋದರೊಳಗೆ ಒಂದು ನಿದ್ದೆ ಮುಗಿದಿರುತ್ತದೆ. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ ಫ್ರೀ ಆಗಿದೆ. ಅದನ್ನೂ ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅದು ಯೋಜನೆಯ ತಪ್ಪಲ್ಲ, ನನ್ನ ಲೆಕ್ಕದ ತಪ್ಪು.

ನಮ್ಮ ಸ್ಟ್ಯಾಂಡಿನಲ್ಲಿ ಒಬ್ಬ ಹಿರಿಯರಿದ್ದಾರೆ. ಪರ್ಮಿಟ್ ಇದೆ ಅಂತಲೇ ಜಾಸ್ತಿ ದುಡ್ಡು ಕೊಟ್ಟು ಹಳೇ ಗಾಡಿ ಕೊಂಡವರು. ‘ತಮ್ಮಾ, ನೀವೆಲ್ಲ ಬಂದ ಮೇಲೆ ಆ ಕಾಗದಕ್ಕೆ ಬೆಲೆ ಎಲ್ಲೈತಿ?’ ಅಂದರು. ನಗುತ್ತಲೇ ಅಂದರು, ನನಗೇ ಮುಖ ಎತ್ತೋಕಾಗಲಿಲ್ಲ.

ಇದನ್ನು ಮನೆಯಲ್ಲಿ ಹೇಳಿದಾಗ ಅಳಿಯ ಮೊಬೈಲಿನಲ್ಲಿ ಐರ್ಲೆಂಡಿನ ಕಥೆ ತೋರಿಸಿದ. ಅಲ್ಲಿ 2000ನೇ ಇಸವಿಯಲ್ಲಿ ಕೋರ್ಟ್ ತೀರ್ಪು ಬಂದು ಟ್ಯಾಕ್ಸಿಗೆ ಇಷ್ಟೇ ಲೈಸೆನ್ಸ್ ಅಂತಿದ್ದ ಮಿತಿ ಹೋಯಿತು. ಡಬ್ಲಿನ್‌ನಲ್ಲಿ 2,700ರ ಆಸುಪಾಸಿದ್ದ ಟ್ಯಾಕ್ಸಿ ಎರಡೇ ವರ್ಷದಲ್ಲಿ 8,000 ದಾಟಿದವು. ಕೈಯಿಂದ ಕೈಗೆ 80,000 ಪೌಂಡ್‌ವರೆಗೂ ಮಾರಾಟವಾಗುತ್ತಿದ್ದ ಲೈಸೆನ್ಸು ಸರ್ಕಾರದಿಂದಲೇ 5,000 ಪೌಂಡಿಗೆ ಸಿಗತೊಡಗಿತು. ಸಾಲ ಮಾಡಿ ಕೊಂಡವರ ಗತಿ ಊಹಿಸಿ. ಜನ ಟ್ಯಾಕ್ಸಿಗೆ ಕಾಯೋದು ಕಮ್ಮಿಯಾಯಿತು, ಅದು ನಿಜ. ಆದರೆ 2010ರಲ್ಲಿ ಅಲ್ಲಿ ಸಾಮಾನ್ಯ ಟ್ಯಾಕ್ಸಿಗೆ ಹೊಸ ಲೈಸೆನ್ಸ್ ಕೊಡೋದು ನಿಲ್ಲಿಸಿದರು.

ಆಟೊ ಜಾಸ್ತಿಯಾದರೆ ರೇಟು ಇಳಿಯಬೇಕಲ್ವಾ? ನಮ್ಮಲ್ಲಿ ಇಳಿಯಲಿಲ್ಲ. ಹದಿನೈದು ಬಾಡಿಗೆಯಲ್ಲಿ ಹುಟ್ಟುತ್ತಿದ್ದ ಕಂತು ಈಗ ಏಳರಲ್ಲೇ ಹುಟ್ಟಬೇಕು. ಒಮ್ಮೆ ದೊಡ್ಡಾಸ್ಪತ್ರೆ ಮುಂದೆ ಕೈಗೆ ಪಟ್ಟಿ ಕಟ್ಟಿದ್ದ ಮಗನನ್ನು ಕರೆದುಕೊಂಡು ಒಬ್ಬ ತಾಯಿ ನಿಂತಿದ್ದರು. ಕೌಲ್ ಬಜಾರಿಗೆ ನೂರು ಕೇಳಿದೆ. ‘ಇಷ್ಟು ಗಾಡಿ ಖಾಲಿ ನಿಂತಾವು, ಎಲ್ಲಾರೂ ಒಂದೇ ರೇಟ್ ಹೇಳ್ತೀರಲ್ಲಪ್ಪಾ’ ಅಂದರು. ಕಮ್ಮಿಗೆ ಹೋದರೆ ಸ್ಟ್ಯಾಂಡಿನವರು ಬೈತಾರೆ. ನೂರೇ ತಗೊಂಡೆ. ಅದು ಇವತ್ತಿಗೂ ಚುಚ್ಚುತ್ತದೆ.

ಇನ್ನು ರಾತ್ರಿ ರೈಲಿಗೆ ಬಂದವರ ಪಾಡು ಬೇರೆ. ಹಗಲು ರಸ್ತೆ ತುಂಬ ಇರೋ ಬ್ಯಾಟರಿ ಆಟೊಗಳು ಆ ಹೊತ್ತಿಗೆ ಮನೆ ಮುಂದೆ ಚಾರ್ಜಿಗೆ ಬಿದ್ದಿರುತ್ತವೆ, ನನ್ನದೂ ಸೇರಿ. ಬೇಸಿಗೆಯಲ್ಲಿ ಶೋರೂಮಿನವರು ಹೇಳಿದಷ್ಟು ದೂರ ನನ್ನ ಗಾಡಿ ಓಡೋದೂ ಇಲ್ಲ.

ಮಾರೋಣ ಅಂದರೆ ಅರ್ಧ ಬೆಲೆಗೂ ಯಾರೂ ಕೇಳುತ್ತಿಲ್ಲ. ಪರ್ಮಿಟ್ ಇಲ್ಲದೆ ಹೊಸದೇ ಸಿಗುವಾಗ ಹಳೆಯದು ಯಾರಿಗೆ ಬೇಕು?

ಶೋರೂಮಿಗೆ ಹೋಗೋ ಮುಂಚೆ ಮಧ್ಯಾಹ್ನ ಮೂರು ಗಂಟೆಗೆ ನಿಮ್ಮ ಊರಿನ ಸ್ಟ್ಯಾಂಡಿಗೆ ಸುಮ್ನೆ ಹೋಗಿ ಬನ್ನಿ. ನಿಂತಿರೋ ಗಾಡಿ ಎಣಿಸಿ. ಸಾಲಿನ ಕೊನೆಯಲ್ಲಿರುವವನನ್ನು ಇವತ್ತು ಎಷ್ಟು ಬಾಡಿಗೆ ಆಯಿತು ಅಂತ ಕೇಳಿ. ಬಳ್ಳಾರಿಯಲ್ಲಾದರೆ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಮಲಗಿರುವವನು ನಾನೇ ಇರಬಹುದು. ಎಬ್ಬಿಸಿ, ಪರವಾಗಿಲ್ಲ.