ಹದಿನಾಲ್ಕು ಸಾಲು, ಹದಿನೈದು ಜನ: ಡ್ಯೂಕ್ ಎಲಿಂಗ್ಟನ್‌ನ ‘ಸಚ್ ಸ್ವೀಟ್ ಥಂಡರ್’ ಆಲ್ಬಂ ವಿಮರ್ಶೆ

ಶೇಕ್ಸ್‌ಪಿಯರ್‌ನ ‘ಎ ಮಿಡ್‌ಸಮರ್ ನೈಟ್ಸ್ ಡ್ರೀಮ್’ ನಾಟಕದ 4ನೇ ಅಂಕದಲ್ಲಿ ಬೇಟೆನಾಯಿಗಳ ಕೂಗು ಕಾಡುಮೇಡೆಲ್ಲ ಮಾರ್ದನಿಸಿದ್ದನ್ನು ಹಿಪೊಲಿಟಾ ನೆನೆಯುತ್ತಾಳೆ. ಅಷ್ಟು ಇಂಪಾದ ಅಪಸ್ವರ, ಅಷ್ಟು ಸಿಹಿಯಾದ ಗುಡುಗು ತಾನೆಂದೂ ಕೇಳಿರಲಿಲ್ಲ ಎನ್ನುತ್ತಾಳೆ. ಆ ಸಿಹಿ ಗುಡುಗೇ ಈ ಆಲ್ಬಂನ ಹೆಸರು. ಅಮೆರಿಕದ ಜಾಝ್ ತಂಡದ ನಾಯಕ ಡ್ಯೂಕ್ ಎಲಿಂಗ್ಟನ್ ಮತ್ತು ಅವನ ಜೊತೆಯ ಸಂಯೋಜಕ ಬಿಲ್ಲಿ ಸ್ಟ್ರೇಹಾರ್ನ್ ಸೇರಿ ಶೇಕ್ಸ್‌ಪಿಯರ್‌ನ ಪಾತ್ರಗಳನ್ನು ಹಿಡಿದು ಬರೆದ 12 ತುಣುಕುಗಳು ಇದರಲ್ಲಿವೆ. ಕೇಳಲು ಒಟ್ಟು ಮೂವತ್ತೈದು ನಿಮಿಷ ಸಾಕು. ಹಾಡು ಒಂದೂ ಇಲ್ಲ, ಸಂಭಾಷಣೆಯೂ ಇಲ್ಲ, ಬರೀ ವಾದ್ಯ.

1956ರ ಜುಲೈನಲ್ಲಿ ಎಲಿಂಗ್ಟನ್‌ನ ತಂಡ ಕೆನಡಾದ ಒಂಟಾರಿಯೋದ ಸ್ಟ್ರ್ಯಾಟ್‌ಫರ್ಡ್ ಶೇಕ್ಸ್‌ಪಿಯರ್ ಉತ್ಸವದಲ್ಲಿ ನುಡಿಸಿತು. ಈ ಕೃತಿಯ ಬೀಜ ಬಿದ್ದದ್ದು ಅಲ್ಲಿ, ಆಲ್ಬಂ ಅರ್ಪಣೆಯಾದದ್ದೂ ಆ ಉತ್ಸವಕ್ಕೆ. ಮೊದಲ ಪ್ರದರ್ಶನ 1957ರ ಏಪ್ರಿಲ್ 28ರಂದು ನ್ಯೂಯಾರ್ಕಿನ ಟೌನ್ ಹಾಲ್‌ನಲ್ಲಿ ನಡೆಯಿತು. ಎಲ್‌ಪಿ (ಗ್ರಾಮಫೋನ್ ತಟ್ಟೆ) ಅದೇ ವರ್ಷ ಕೊಲಂಬಿಯಾ ಕಂಪನಿಯಿಂದ ಹೊರಬಂತು. ಸ್ಟ್ರೇಹಾರ್ನ್‌ಗೆ ಶೇಕ್ಸ್‌ಪಿಯರ್ ಮೇಲೆ ಎಂಥ ಪ್ರೀತಿಯೆಂದರೆ, ಗೆಳೆಯರು ಅವನನ್ನು ಆ ಹೆಸರಿನಿಂದಲೇ ಕರೆಯುತ್ತಿದ್ದರು.

ಕೇಳುವ ಮೊದಲು ಒಂದು ಮಾತು ತಿಳಿದಿರಲಿ. ಇಲ್ಲಿ ಕಥೆ ಹುಡುಕಬಾರದು. ಕುವೆಂಪು ‘ಹ್ಯಾಮ್ಲೆಟ್’ ಅನ್ನು ಬಿದನೂರಿಗೆ ತಂದು ‘ರಕ್ತಾಕ್ಷಿ’ ಬರೆದಾಗ ಊರು, ಹೆಸರು, ಕಾಲ ಬದಲಾದರೂ ಕಥೆಯ ಎಲುಬು ಉಳಿಯಿತು. ಎಲಿಂಗ್ಟನ್ ಆ ಎಲುಬನ್ನೇ ತೆಗೆದಿಟ್ಟಿದ್ದಾನೆ. ಅವನು ಉಳಿಸಿಕೊಂಡದ್ದು ಪಾತ್ರದ ನಡಿಗೆ, ದನಿ, ಚಾಳಿ. ನಾಟಕ ಕಂಪನಿಯ ಯಜಮಾನ ಯಾವ ನಟನಿಗೆ ಯಾವ ವೇಷ ಹೊಂದುತ್ತದೆ ಎಂದು ನೋಡುವ ಹಾಗೆ, ತನ್ನ ತಂಡದ ಒಬ್ಬೊಬ್ಬ ವಾದಕನ ದನಿ ಯಾರಿಗೆ ಒಪ್ಪುತ್ತದೆ ಎಂದು ನೋಡಿ ಪಾತ್ರ ಹಂಚಿದ್ದಾನೆ. ತಂಡದಲ್ಲಿ 4 ಟ್ರಂಪೆಟ್, 3 ಟ್ರೊಂಬೋನ್, 5 ಸ್ಯಾಕ್ಸೊಫೋನ್ ಮತ್ತು ಕ್ಲ್ಯಾರಿನೆಟ್ ವಾದಕರು, ಜೊತೆಗೆ ಪಿಯಾನೊ, ಬಾಸ್, ಡ್ರಮ್ಸ್. ಒಟ್ಟು 15 ಜನ. ಇವರಲ್ಲಿ ಮೂರು ಅಥವಾ ನಾಲ್ವರ ದನಿ ಗುರುತು ಹಿಡಿಯಲು ಕಲಿತರೆ ಅರ್ಧ ಆಲ್ಬಂ ತಾನಾಗಿ ತೆರೆದುಕೊಳ್ಳುತ್ತದೆ.

ಮೊದಲನೆಯದಾಗಿ ಜಾನಿ ಹಾಜಸ್‌ನ ಆಲ್ಟೋ ಸ್ಯಾಕ್ಸೊಫೋನ್. ‘ದಿ ಸ್ಟಾರ್ ಕ್ರಾಸ್ಡ್ ಲವರ್ಸ್’ ತುಣುಕಿನಲ್ಲಿ ಜೂಲಿಯೆಟ್ ಅವನೇ. ನಮ್ಮ ಸಂಗೀತದಲ್ಲಿ ‘ಜಾರು’ ಎನ್ನುವ ಗಮಕವನ್ನು ಬಲ್ಲವರಿಗೆ ಹಾಜಸ್ ತಕ್ಷಣ ಹಿಡಿಸುತ್ತಾನೆ. ಅವನು ಸ್ವರದ ಮೇಲೆ ನೇರ ಕಾಲಿಡುವುದಿಲ್ಲ, ಕೆಳಗಿನಿಂದ ನಿಧಾನವಾಗಿ ಜಾರಿಕೊಂಡು ಬಂದು ಸೇರುತ್ತಾನೆ. ಕೇಳುವವನಿಗೆ ಕಾಯಿಸಿದಂತಾಗುತ್ತದೆ. ಬರಬೇಕಾದವನು ಇನ್ನೂ ಬಂದಿಲ್ಲ ಎಂಬ ಭಾವ ಆ ಕಾಯುವಿಕೆಯಿಂದಲೇ ಹುಟ್ಟುತ್ತದೆ. ರೋಮಿಯೋ ಪಾಲ್ ಗೊನ್ಸಾಲ್ವಿಸ್‌ನ ಟೆನರ್ ಸ್ಯಾಕ್ಸೊಫೋನ್. ಅವನಿಗೆ ಇಲ್ಲಿ ಕೆಲಸ ಕಡಿಮೆ, ಇರುವಷ್ಟು ಸರಿಯಾಗಿದೆ. ನಾಲ್ಕು ನಿಮಿಷದ ಈ ತುಣುಕು ಆಲ್ಬಂನ ಅತ್ಯುತ್ತಮ ಭಾಗ ಎನ್ನಲು ಹಿಂಜರಿಯಬೇಕಿಲ್ಲ.

ಈ ರಾಗಸಂಯೋಜನೆ ಸ್ಟ್ರೇಹಾರ್ನ್ ಬಳಿ ಮೊದಲೇ ಬೇರೆ ಹೆಸರಿನಲ್ಲಿತ್ತು. ಕ್ಲಿಯೋಪಾತ್ರಳ ‘ಹಾಫ್ ದ ಫನ್’ ಕೂಡ ಹಾಗೆಯೇ, ಹಳೆಯದಕ್ಕೆ ಹೊಸ ಹೆಸರು. ಇದನ್ನು ಮೋಸ ಎಂದು ದೂರುವವರಿದ್ದಾರೆ. ನಮ್ಮ ಕಂಪನಿ ನಾಟಕಗಳನ್ನು ಬಲ್ಲವರಿಗೆ ಇದು ದೂರು ಅನ್ನಿಸದು. ಒಂದು ಮಟ್ಟನ್ನು ಎಲ್ಲಿಂದಲೋ ತಂದು, ಅದಕ್ಕೆ ಹೊಸ ಸಾಹಿತ್ಯ ಕೂರಿಸಿ, ಸನ್ನಿವೇಶಕ್ಕೆ ಹೊಂದಿಸುವುದು ರಂಗಸಂಗೀತದ ಹಳೆಯ ಕಸುಬು. ಹೊಂದಿತೋ ಇಲ್ಲವೋ ಎಂಬುದಷ್ಟೇ ಮುಖ್ಯ. ‘ಹಾಫ್ ದ ಫನ್’ನಲ್ಲಿ ಸ್ಯಾಮ್ ವುಡ್‌ಯಾರ್ಡ್ ಒಂದೇ ಹದದ ಡ್ರಮ್ ನಡೆ ಹಿಡಿಯುತ್ತಾನೆ, ಮೇಲೆ ಹಾಜಸ್ ತೇಲುತ್ತಾನೆ. ಕಣ್ಣುಮುಚ್ಚಿದರೆ ನೈಲ್ ನದಿಯ ದೋಣಿ, ಸುಗಂಧ ಹಚ್ಚಿದ ಹಾಯಿ. ಹೊಂದಿದೆ.

ಎರಡನೆಯ ದನಿ ಕ್ಲಾರ್ಕ್ ಟೆರ್ರಿಯ ಟ್ರಂಪೆಟ್. ‘ಅಪ್ ಅಂಡ್ ಡೌನ್, ಅಪ್ ಅಂಡ್ ಡೌನ್’ ತುಣುಕಿನಲ್ಲಿ ಅವನು ‘ಎ ಮಿಡ್‌ಸಮರ್ ನೈಟ್ಸ್ ಡ್ರೀಮ್’ನ ಪಕ್. ಜೋಡಿ ತಪ್ಪಿದ ಪ್ರೇಮಿಗಳನ್ನು ಕಾಡಿನಲ್ಲಿ ಅಲೆಸುವ ತುಂಟ. ಕ್ಲ್ಯಾರಿನೆಟ್ ಮತ್ತು ಪಿಟೀಲು ಒಂದು ಜೋಡಿಯಾಗಿ ಓಡಾಡುತ್ತವೆ, ಉಳಿದ ವಾದ್ಯಗಳೂ ಹೀಗೆಯೇ ಜೊತೆಗೂಡಿ ಸುತ್ತುತ್ತವೆ. ಪಕ್ ಮಾತ್ರ ಒಂಟಿ. ತುಣುಕಿನ ಕೊನೆಯಲ್ಲಿ ಟೆರ್ರಿ ಟ್ರಂಪೆಟ್ಟಿನಲ್ಲಿ ಒಂದು ವಾಕ್ಯವನ್ನು ‘ಮಾತಾಡುತ್ತಾನೆ’. ಈ ಮನುಷ್ಯರು ಎಂಥ ಮೂಢರಪ್ಪಾ (‘ಲಾರ್ಡ್, ವಾಟ್ ಫೂಲ್ಸ್ ದೀಸ್ ಮಾರ್ಟಲ್ಸ್ ಬಿ’) ಎಂಬ ಪಕ್‌ನ ಪ್ರಸಿದ್ಧ ಮಾತು ಅದು. ಟ್ರಂಪೆಟ್‌ನ ಗುಂಡಿಯನ್ನು ಪೂರ್ತಿ ಒತ್ತದೆ ಅರ್ಧಕ್ಕೆ ನಿಲ್ಲಿಸಿದರೆ ಸ್ವರ ಮುದುಡಿ, ಮನುಷ್ಯರ ದನಿಯಂತೆ ಬಾಗುತ್ತದೆ. ವಾಕ್ಯದ ಏರಿಳಿತವನ್ನು ತುಟಿ ಮತ್ತು ಉಸಿರು ನೋಡಿಕೊಳ್ಳುತ್ತವೆ. ಇಂಗ್ಲಿಷ್ ಸಾಲನ್ನು ಒಮ್ಮೆ ಗಟ್ಟಿಯಾಗಿ ಓದಿಕೊಂಡು ಕೇಳಿದರೆ ಅಕ್ಷರ ಅಕ್ಷರವೂ ಹೊಂದುತ್ತದೆ. ಓದದೆ ಕೇಳಿದರೆ ಬರೀ ವಿಚಿತ್ರ ಸದ್ದು. ಸ್ಟ್ರೀಮಿಂಗ್ ಆ್ಯಪ್‌ನಲ್ಲಿ ಕೇಳುವವರು ಇದನ್ನು ಕಳೆದುಕೊಳ್ಳಲು ಒಂದೇ ಕಾರಣ ಸಾಕು: ಕ್ರಾಸ್‌ಫೇಡ್. ಒಂದು ಟ್ರ್ಯಾಕಿನ ಕೊನೆಯ ಐದಾರು ಸೆಕೆಂಡಿನ ಮೇಲೆ ಮುಂದಿನದನ್ನು ಎಳೆದು ಹೊದಿಸುವ ಆ ಸೆಟ್ಟಿಂಗ್ ಪಕ್‌ನ ಮಾತನ್ನೇ ನುಂಗಿಬಿಡುತ್ತದೆ. ಅದನ್ನು ಆಫ್ ಮಾಡಿ. ಷಫಲ್ ಕೂಡ ಬೇಡ.

ಮೂರನೆಯದು ಹ್ಯಾರಿ ಕಾರ್ನಿಯ ಬ್ಯಾರಿಟೋನ್ ಸ್ಯಾಕ್ಸೊಫೋನ್. ‘ದಿ ಟೆಲಿಕಾಸ್ಟರ್ಸ್’ನಲ್ಲಿ ಮೂರು ಟ್ರೊಂಬೋನ್‌ಗಳು ‘ಮ್ಯಾಕ್‌ಬೆತ್’ನ ಮೂವರು ಮಾಟಗಾತಿಯರಾದರೆ, ಕಾರ್ನಿ ‘ಒಥೆಲೋ’ದ ಇಯಾಗೋ. ಬೇರೆ ಬೇರೆ ನಾಟಕಗಳ ಪಾತ್ರಗಳನ್ನು ಒಂದೇ ಕಡೆ ಕೂಡಿಸಿದ್ದಕ್ಕೆ ಎಲಿಂಗ್ಟನ್ ಕೊಟ್ಟ ಕಾರಣ, ಇವರೆಲ್ಲರಿಗೂ ಹೇಳುವುದೇನೋ ಇತ್ತು ಎಂಬುದು. ಕಾರಣ ಸ್ವಲ್ಪ ಎಳೆದು ತಂದಂತಿದೆ. ಆದರೂ ಕಾರ್ನಿಯ ಆ ದಪ್ಪ, ನಯವಾದ, ನಂಬಿಸುವ ದನಿ ಕೇಳುವಾಗ ಇಯಾಗೋನ ಮಾತನ್ನು ಒಥೆಲೋ ಏಕೆ ನಂಬಿದ ಎಂಬುದು ಅರ್ಥವಾಗುತ್ತದೆ.

ಇನ್ನು ಸುನೀತಗಳು, ಅಂದರೆ ಸಾನೆಟ್‌ಗಳು. ಈ ಆಲ್ಬಂನ ಕುಸುರಿ ಇರುವುದು ಇಲ್ಲಿ, ಮತ್ತು ಅವಸರದಲ್ಲಿ ಕೇಳುವವರು ದಾಟಿಹೋಗುವುದೂ ಇಲ್ಲಿಯೇ. ‘ಸಾನೆಟ್’ ಎಂಬ ಹೆಸರಿನ 4 ತುಣುಕುಗಳಿವೆ: ಸೀಸರ್‌ಗೆ ಜಿಮ್ಮಿ ಹ್ಯಾಮಿಲ್ಟನ್‌ನ ಕ್ಲ್ಯಾರಿನೆಟ್, ಐದನೆಯ ಹೆನ್ರಿಗೆ ಬ್ರಿಟ್ ವುಡ್‌ಮನ್‌ನ ಟ್ರೊಂಬೋನ್, ಒಥೆಲೋಗೆ ಜಿಮ್ಮಿ ವುಡ್‌ನ ಬಾಸ್, ‘ಟೇಮಿಂಗ್ ಆಫ್ ದ ಷ್ರೂ’ ನಾಟಕದ ಕೇಟ್‌ಗೆ ಕ್ವೆಂಟಿನ್ ಜ್ಯಾಕ್ಸನ್‌ನ ಟ್ರೊಂಬೋನ್. ಇಂಗ್ಲಿಷ್ ಸುನೀತದಲ್ಲಿ 14 ಸಾಲು, ಸಾಲಿಗೆ 10 ಉಚ್ಚಾರಾಂಶ. ಎಲಿಂಗ್ಟನ್ ಇದನ್ನೇ ಅಳತೆಗೋಲು ಮಾಡಿಕೊಂಡು, ಮುಖ್ಯ ವಾದ್ಯಕ್ಕೆ 14 ಪಂಕ್ತಿ, ಪಂಕ್ತಿಗೆ 10 ಸ್ವರ ಕೊಟ್ಟಿದ್ದಾನೆ. ಭಾಮಿನಿ ಷಟ್ಪದಿಯ ಒಂದು ಪದ್ಯಕ್ಕೆ 102 ಮಾತ್ರೆಯ ಕಟ್ಟು ಇದ್ದರೂ ಒಳ್ಳೆಯ ಗಮಕಿ ಹಾಡುವಾಗ ಲೆಕ್ಕ ಕಾಣುವುದಿಲ್ಲ, ಭಾವ ಮಾತ್ರ ಕೇಳುತ್ತದೆ. ಇಲ್ಲಿಯೂ ಹಾಗೆ. ಜಾಝ್ ಎಂದರೆ ಮನಬಂದಂತೆ ನುಡಿಸುವುದು ಎಂದುಕೊಂಡವರು ಈ ನಾಲ್ಕನ್ನು ಎಣಿಸಿ ನೋಡಬೇಕು.

ಎಣಿಸುವ ಕ್ರಮ ಹೀಗೆ. ‘ಸಾನೆಟ್ ಫಾರ್ ಸೀಸರ್’ನಿಂದ ಶುರುಮಾಡಿ, ಅದು ಮೂರು ನಿಮಿಷದ ನಿಧಾನ ನಡೆ. ಪೀಠಿಕೆಯನ್ನು ಬಿಟ್ಟು ಕ್ಲ್ಯಾರಿನೆಟ್ ಬಾಯಿಬಿಟ್ಟ ಕ್ಷಣದಿಂದ ಎಣಿಸಿ. ಹತ್ತು ಸ್ವರಕ್ಕೆ ಪಂಕ್ತಿ ಮುಗಿಯುತ್ತದೆ, ಒಂದು ಬೆರಳು ಮಡಿಸಿ. ಎರಡು ಕಡೆ ಲೆಕ್ಕ ತಪ್ಪುತ್ತದೆ. ಒಂದು, ಸ್ವರಕ್ಕೆ ಹಚ್ಚಿದ ಜಾರು, ಕಂಪನಗಳನ್ನೂ ಸ್ವರವೆಂದು ಎಣಿಸುವುದು. ಇನ್ನೊಂದು, ಪಂಕ್ತಿಗಳ ನಡುವೆ ತಂಡ ತುಂಬುವ ಉತ್ತರಗಳನ್ನು ಸೇರಿಸಿಕೊಳ್ಳುವುದು. ಮುಖ್ಯ ವಾದ್ಯವನ್ನಷ್ಟೇ ಹಿಡಿಯಿರಿ. ಕೇಟ್‌ಳ ಸುನೀತ ಇನ್ನೂ ಕಷ್ಟ. ಜ್ಯಾಕ್ಸನ್ ಟ್ರೊಂಬೋನ್‌ನ ಬಾಯಿಗೆ ಪ್ಲಂಜರ್ ಹಿಡಿದು ಮುಚ್ಚಿ ತೆರೆಯುತ್ತಾನೆ, ಸಿಂಕ್ ಕಟ್ಟಿಕೊಂಡಾಗ ಒತ್ತುವ ಅದೇ ರಬ್ಬರ್ ಬಟ್ಟಲು. ಒಂದೇ ಸ್ವರ ‘ವ್ವಾ’ ಎಂದು ಒಡೆದು ಎರಡಾಗಿ ಕೇಳುತ್ತದೆ. ಹೆನ್ರಿಯದು ಒಂದೂವರೆ ನಿಮಿಷವೂ ಇಲ್ಲ, ಲಯ ಬೇರೆ ಬದಲಾಗುತ್ತದೆ, ವುಡ್‌ಮನ್ ಮಂದ್ರದಿಂದ ತಾರಕ್ಕೆ ನೆಗೆಯುತ್ತಾನೆ. ಅದನ್ನು ಕೊನೆಗೆ ಇಟ್ಟುಕೊಳ್ಳಿ.

ಒಥೆಲೋನ ಸುನೀತ ಮೊಬೈಲ್ ಸ್ಪೀಕರಿನಲ್ಲಿ ಇಲ್ಲವೇ ಇಲ್ಲ ಎನ್ನಬಹುದು. ಬಾಸ್‌ನ ಅತಿ ಕೆಳಗಿನ ತಂತಿಯ ಕಂಪನ ಸೆಕೆಂಡಿಗೆ ಸುಮಾರು 41 ಬಾರಿ. ಹೆಬ್ಬೆರಳಿನಷ್ಟು ಅಗಲದ ಸ್ಪೀಕರಿಗೆ ಆ ಕೆಳಸ್ಥಾಯಿ ಎಟುಕುವುದಿಲ್ಲ, ತಂತಿ ಮೀಟಿದ ಟಪ್ ಸದ್ದು ಮಾತ್ರ ಉಳಿಯುತ್ತದೆ. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಅಥವಾ ಐದಾರು ಇಂಚಿನ ವೂಫರ್ ಇರುವ ಸ್ಪೀಕರ್ ಬೇಕು. ಬಾಸ್ ಬೂಸ್ಟ್ ಒತ್ತಬೇಡಿ, ಸ್ವರಗಳು ಒಂದಕ್ಕೊಂದು ಅಂಟಿಕೊಂಡು ಎಣಿಕೆ ಕೈಬಿಡುತ್ತದೆ.

ಉಳಿದವುಗಳಲ್ಲಿ ಮೊದಲ ತುಣುಕು, ಅಂದರೆ ಶೀರ್ಷಿಕೆಯದು, ಗಟ್ಟಿ ಹೆಜ್ಜೆಯ 12 ಬಾರ್ ಬ್ಲೂಸ್, ಅಂದರೆ ಹನ್ನೆರಡು ತಾಳಾವರ್ತದ ಸುತ್ತು ಮತ್ತೆ ಮತ್ತೆ ಬರುವ ಕಟ್ಟು. ಒಥೆಲೋ ತನ್ನ ಸಾಹಸದ ಕಥೆ ಹೇಳಿ ಡೆಸ್ಡಿಮೋನಾಳ ಮನ ಗೆದ್ದ ಸಂದರ್ಭ. ರೇ ನ್ಯಾನ್ಸ್‌ನ ಟ್ರಂಪೆಟ್ ಇಲ್ಲಿ ಕಥೆಗಾರ. ‘ಲೇಡಿ ಮ್ಯಾಕ್’ ತಿಶ್ರ ನಡೆಯ ವಾಲ್ಟ್ಸ್, ಕುಣಿಯುವಷ್ಟು ಹಗುರ. ಕೊಲೆಗಡುಕಿಗೆ ಇಷ್ಟು ಲವಲವಿಕೆ ಏಕೆ ಎಂದು ಮೊದಲ ಸಲ ಕೇಳಿದವರಿಗೆ ಅನ್ನಿಸುತ್ತದೆ. ಅವಳ ಆತ್ಮದಲ್ಲಿ ಒಂದಿಷ್ಟು ರ‍್ಯಾಗ್‌ಟೈಮ್ (ಜಾಝ್‌ಗೂ ಮೊದಲಿನ ಲವಲವಿಕೆಯ ಪಿಯಾನೊ ಶೈಲಿ) ಇದೆ ಎಂದು ಎಲಿಂಗ್ಟನ್ ಶಂಕಿಸಿದ್ದ. ಕೊನೆಯಲ್ಲಿ ಮೋಡ ಕವಿದಂತೆ ತಂಡವಿಡೀ ಕಪ್ಪಾಗುವ ಜಾಗವನ್ನು ಕಾಯಿರಿ. ‘ಮ್ಯಾಡ್‌ನೆಸ್ ಇನ್ ಗ್ರೇಟ್ ಒನ್ಸ್’ ಹ್ಯಾಮ್ಲೆಟ್‌ನದು. ಕ್ಯಾಟ್ ಆ್ಯಂಡರ್ಸನ್ ಟ್ರಂಪೆಟ್ಟನ್ನು ತಾರಸ್ಥಾಯಿಯ ಆಚೆಗೂ ಏರಿಸಿ ನಿಲ್ಲಿಸುತ್ತಾನೆ. ಸೌಂಡ್ ಸ್ವಲ್ಪ ಕಡಿಮೆ ಮಾಡಿಕೊಂಡು ಕೇಳುವುದು ಕಿವಿಗೆ ಒಳ್ಳೆಯದು, ಅಗ್ಗದ ಇಯರ್‌ಫೋನ್‌ನಲ್ಲಿ ಆ ಸ್ವರಗಳು ಸೂಜಿಯಂತೆ ಚುಚ್ಚುತ್ತವೆ.

ಸಪ್ಪೆಯಾದದ್ದು ಕೊನೆಯ ‘ಸರ್ಕಲ್ ಆಫ್ ಫೋರ್ತ್ಸ್’. ಉಪಾಯವೇನೋ ಚೆನ್ನಾಗಿದೆ. ಷಡ್ಜದಿಂದ ಮಧ್ಯಮಕ್ಕೆ ಹೋಗಿ, ಆ ಮಧ್ಯಮವನ್ನೇ ಹೊಸ ಷಡ್ಜ ಮಾಡಿಕೊಂಡು, ಮತ್ತೆ ಅದರ ಮಧ್ಯಮಕ್ಕೆ. ಹೀಗೆ 12 ಹೆಜ್ಜೆ ಇಟ್ಟರೆ ಹೊರಟಲ್ಲಿಗೇ ಬರುತ್ತೇವೆ. ದುರಂತ, ಹಾಸ್ಯ, ಚರಿತ್ರೆ, ಸುನೀತ ಎಂದು ಶೇಕ್ಸ್‌ಪಿಯರ್‌ನ ನಾಲ್ಕು ಬಗೆಯ ಬರಹಕ್ಕೆ ಇದು ಸಂಕೇತ. ಆದರೆ ಗೊನ್ಸಾಲ್ವಿಸ್ ಎರಡು ನಿಮಿಷದೊಳಗೆ ಎಲ್ಲ ಶ್ರುತಿಗಳನ್ನೂ ಓಡಿ ಮುಗಿಸುತ್ತಾನೆ. ಇದು ಬೆರಳುಗಳ ಸಾಮರ್ಥ್ಯದ ಪ್ರದರ್ಶನ ಆಗುತ್ತದೆಯೇ ಹೊರತು ಯಾವ ಪಾತ್ರವೂ ರಂಗಕ್ಕೆ ಬರುವುದಿಲ್ಲ. ಹಾಜಸ್‌ನ ದೋಣಿಯಿಂದ ಇಳಿದ ಕೂಡಲೇ ಈ ಓಟ ಬೇಕಿರಲಿಲ್ಲ.

ಯಾವ ಪ್ರತಿ ಕೊಳ್ಳಬೇಕು? 1957ರ ಎಲ್‌ಪಿ ಮೊನೊ. ಎಲ್ಲ ವಾದ್ಯಗಳೂ ಒಂದೇ ಬಿಂದುವಿನಿಂದ ಬರುವುದರಿಂದ ತಂಡ ಒಬ್ಬನೇ ಉಸಿರಾಡಿದಂತೆ ಕೇಳುತ್ತದೆ. ಶೀರ್ಷಿಕೆ ತುಣುಕಿನ ತೂಕ ಅದರಲ್ಲೇ ಹೆಚ್ಚು. 1999ರ ಸಿ.ಡಿ. ಬಹುಪಾಲು ಸ್ಟೀರಿಯೊ. ಯಾರು ಎಡಕ್ಕೆ, ಯಾರು ಬಲಕ್ಕೆ ಎಂದು ಬಿಡಿಸಿ ಕೇಳಬಹುದು. ಪಕ್‌ನ ಜೋಡಿಗಳ ಅಲೆದಾಟಕ್ಕೆ, ದನಿಗಳನ್ನು ಗುರುತು ಹಿಡಿಯಲು ಕಲಿಯುವವರಿಗೆ ಇದು ವಾಸಿ. ಆದರೆ 12ನೆಯ ತುಣುಕಿನ ನಂತರ ಹೆಚ್ಚುವರಿ ಟೇಕ್‌ಗಳು (ಅವೇ ತುಣುಕುಗಳ ಬೇರೆ ಧ್ವನಿಮುದ್ರಣಗಳು), ಆ ಕಾಲದ ಬೇರೆ ರಚನೆಗಳು ಸಾಲುಗಟ್ಟಿ ಬರುತ್ತವೆ. ಮೊದಲ ಸಲ ಕೇಳುವವರು 12ಕ್ಕೆ ನಿಲ್ಲಿಸಿ. ಹಳೆಯ ಎಲ್‌ಪಿ ಸಿಕ್ಕರೆ ಮೊದಲು ಪರೀಕ್ಷಿಸಬೇಕಾದದ್ದು ಒಥೆಲೋನ ಸುನೀತದ ಜಾಗ. ಅಲ್ಲಿ ಸಂಗೀತ ತೆಳು, ಹಾಗಾಗಿ ಗೀರಿನ ಚಟಪಟ ಎಲ್ಲಕ್ಕಿಂತ ಚೆನ್ನಾಗಿ ಬಯಲಾಗುತ್ತದೆ.

ಮಾತು ಇರುವ ಶೇಕ್ಸ್‌ಪಿಯರ್ ಜಾಝ್ ಬೇಕೆನ್ನುವವರಿಗೆ ಗಾಯಕಿ ಕ್ಲಿಯೋ ಲೇನ್ ಮತ್ತು ಜಾನ್ ಡ್ಯಾಂಕ್‌ವರ್ತ್‌ರ 1964ರ ‘ಷೇಕ್ಸ್‌ಪಿಯರ್ ಅಂಡ್ ಆಲ್ ದಟ್ ಜಾಝ್’ ಇದೆ. ಅದರಲ್ಲಿ ಲೇನ್ 40ನೆಯ ಸುನೀತವನ್ನು ಎಲಿಂಗ್ಟನ್‌ನ ಹೆನ್ರಿ ತುಣುಕಿನ ಮಟ್ಟಿನಲ್ಲಿ ಹಾಡಿದ್ದಾಳೆ. 14 ಪಂಕ್ತಿ, 10 ಸ್ವರದ ಲೆಕ್ಕ ನಿಜವೇ ಎಂದು ಅನುಮಾನ ಉಳಿದವರು ಅದನ್ನು ಕೇಳಲಿ, ಪದಗಳು ಸ್ವರದ ಮೇಲೆ ಕೂರುತ್ತವೆ. ಕಥೆಯೇ ಬೇಕು ಎನ್ನುವವರಿಗೆ ‘ವೆಸ್ಟ್ ಸೈಡ್ ಸ್ಟೋರಿ’ ಎಂಬ ಸಂಗೀತ ನಾಟಕ. ಅದೂ ರೋಮಿಯೋ ಜೂಲಿಯೆಟ್, ಅದೂ ನ್ಯೂಯಾರ್ಕ್, ಅದೂ 1957, ಟೌನ್ ಹಾಲ್ ಕಛೇರಿಯ ಐದು ತಿಂಗಳಿಗೆ ಬ್ರಾಡ್‌ವೇ ಏರಿತು. ಅಲ್ಲಿ ಎರಡೂವರೆ ಗಂಟೆ, ಹಾಡು, ಕುಣಿತ, ಚಾಕು. ಇಲ್ಲಿ ನಾಲ್ಕು ನಿಮಿಷ, ಎರಡು ಸ್ಯಾಕ್ಸೊಫೋನ್.